ಮಳೆಗೆ ಮುಂಚಿನ ಕಂತು

“ಲೈನಿನ ಆಳು ಕೆಲಸ ಬಿಟ್ಟ ಮೇಲೆ ತನ್ನ ದುಡ್ಡಲ್ಲಿ ತಾನು ಕೂತು ಉಣ್ಣೋದಾ? ಅದು ಆಗದ ಮಾತು ಕಣಯ್ಯ” ಎಂದವರು ನಮ್ಮ ಎಸ್ಟೇಟಿನ ರೈಟರ್. ಹಾಜರಿ, ಸಂಬಳ, ರಜೆ ಎಲ್ಲವನ್ನೂ ಬರೆದಿಡುವ ಅವರ ಮಾತಿಗೆ ನಮ್ಮಲ್ಲಿ ಎದುರಾಡುವವರಿಲ್ಲ. ಸಂಬಳದ ದಿನ ತೋಟದ ಆಫೀಸಿನ ಜಗಲಿಯಲ್ಲಿ ನಾನು ನಿವೃತ್ತಿಯ ಉಳಿತಾಯದ ಮಾತೆತ್ತಿದಾಗ, ಸಾಲಿನಲ್ಲಿ ನಿಂತ ಹೆಂಗಸರೆಲ್ಲ ಕೇಳುವಂತೆ ನನಗೆ ಹೇಳಿದರು. ಆ ಸಾಲಿನಲ್ಲಿ ನಮ್ಮವ್ವನೂ ಇದ್ದಳು.

“ಗ್ರಾಚ್ಯುಟಿ ಬತ್ತದೆ, ಪಿ.ಎಫ್. ಬತ್ತದೆ. ಒಬ್ಬ ಮಗಳ ಮದ್ವೆ ಅಂತಾನೆ, ಇನ್ನೊಬ್ಬ ತಮ್ಮಂಗೆ ಆಟೋ ಅಂತಾನೆ. ಎರಡು ಮಳೆಗಾಲ ಕಳೆಯೋ ಹೊತ್ಗೆ ವಾಪಸ್ ಬಂದು, ಸಾರ್ ದಿನಗೂಲಿಗಾದ್ರೂ ಹಾಕ್ಕೊಳ್ಳಿ ಅಂತಾನೆ. ನಾನು ಎಷ್ಟು ಜನಾನ ನೋಡಿಲ್ಲ? ನೀನು ಡಿಗ್ರಿ ಮಾಡಿದೀಯ, ಒಪ್ಕೊಂತೀನಿ. ಡಿಗ್ರಿಗೂ ಇದಕ್ಕೂ ಸಂಬಂಧ ಇಲ್ಲ.”

ಕೊನೆಯ ಮಾತು ನಾಟಿತು. ಆ ಲೈನಿನಿಂದ, ತೋಟದ ಕೂಲಿಯವರ ಆ ಸಾಲುಮನೆಗಳಿಂದ, ಡಿಗ್ರಿ ಮಾಡಿದವನು ನಾನೊಬ್ಬನೇ. ಕಾಲೇಜಿನ ಬಸ್ಸು ಹಿಡಿಯಲು ಮಬ್ಬುಗತ್ತಲಲ್ಲಿ ತೋಟದೊಳಗೆ ನಡೆಯುವಾಗ, ಆನೆ ಇದೆಯೋ ಇಲ್ಲವೋ ಎಂದು ಸೊಪ್ಪಿನ ಸದ್ದಿಗೆ ಕಿವಿ ಕೊಟ್ಟು ಹೆಜ್ಜೆ ಇಟ್ಟವನು. ಅದನ್ನು ನಾನು ಯಾರ ಮುಂದೆಯೂ ಸಣ್ಣದು ಮಾಡಿ ಹೇಳುವುದಿಲ್ಲ. ಈಗ ಕುಶಾಲನಗರದ ಕಡೆಯ ಒಂದು ಸಹಕಾರ ಸಂಘದಲ್ಲಿ ಗುಮಾಸ್ತ. ಎಸ್ಟೇಟ್ ಕಾರ್ಮಿಕರು ನಿವೃತ್ತಿಗೆಂದು ಉಳಿಸುವಂಥ ಒಂದು ಯೋಜನೆ ಮಾಡಬೇಕು ಎಂದು ನಮ್ಮ ಆಡಳಿತ ಮಂಡಳಿ ತೀರ್ಮಾನಿಸಿದಾಗ, ಇದು ನನಗೇ ಬರುವ ಕೆಲಸ, ಬೇರೆ ಯಾರಿಗೆ ಕೊಟ್ಟಾರು ಎಂದುಕೊಂಡೆ.

ಅಧ್ಯಕ್ಷರು ನನ್ನ ಜೊತೆ ಇನ್ನೊಬ್ಬನನ್ನು ಹಾಕಿದರು.

ಅವನು ಮಡಿಕೇರಿಯವನು. ಸಂಘಕ್ಕೆ ಹೊಸದಾಗಿ ಬಂದ ಹಣಕಾಸು ಸಲಹೆಗಾರ, ನನ್ನದೇ ವಯಸ್ಸು. ತಂದೆ ಕಾಲೇಜು ಮೇಷ್ಟ್ರು, ತಾತ ವಕೀಲರು. ಓದುವುದು ಅವನ ಮನೆಯಲ್ಲಿ ಊಟ ಮಾಡಿದಷ್ಟೇ ಸಹಜ. ಮೈಸೂರಿನಲ್ಲಿ ಎಂ.ಬಿ.ಎ. ಮಾಡಿ ಬಂದಿದ್ದ. ನನಗೆ ಅವನನ್ನು ಕಂಡರೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಅವನ ಕಾರಿಗಲ್ಲ, ಇಸ್ತ್ರಿ ಅಂಗಿಗೂ ಅಲ್ಲ, ಅವನ ನಾಲಿಗೆಗೆ. ತೋಟದ ಮಾಲೀಕರು ಬಂದರೆ ಕೊಡವ ತಕ್ಕಿನಲ್ಲಿ ಮಾತು, ಸಂಪಾಜೆ ಕಡೆಯವರು ಬಂದರೆ ಅರೆಭಾಷೆ, ಟಯರ್ ಅಂಗಡಿಯವರ ಜೊತೆ ಮಲಯಾಳ, ಮಾಂಸದಂಗಡಿಯಲ್ಲಿ ಉರ್ದು. ಕೌಂಟರಿಗೆ ಯಾರು ಬಂದರೂ ಅರೆ ನಿಮಿಷದಲ್ಲಿ ನಗುತ್ತಿದ್ದರು. ನಾನು ಲೈನಿನಲ್ಲಿ ಹುಟ್ಟಿದವನಾದರೂ ನನಗೆ ತಮಿಳು ಅರ್ಥವಾಗುತ್ತದೆ ಅಷ್ಟೇ, ಮಾತಾಡಲು ಹೋದರೆ ಮುದುಕಿಯರು ಬಾಯಿಗೆ ಕೈ ಹಿಡಿದು ನಗುತ್ತಾರೆ.

ನಿವೃತ್ತಿಗೆ ಎಷ್ಟು ಉಳಿಸಬೇಕು ಎಂದು ಇಬ್ಬರೂ ಒಂದೊಂದು ಅಂದಾಜು ಮಾಡಿ, ಅದನ್ನು ಒಂದೇ ಲೈನಿನಲ್ಲಿ ಜನರ ಮುಂದಿಟ್ಟು ನೋಡಿ, ಅವರು ಯಾವುದನ್ನು ಒಪ್ಪುತ್ತಾರೋ ಅದನ್ನು ಮಂಡಳಿಗೆ ತನ್ನಿ ಎಂದರು ಅಧ್ಯಕ್ಷರು. ಆ ಲೈನು ನಮ್ಮವ್ವನದೇ.

ಅವ್ವನಿಗೆ ಮುಂದಿನ ವರ್ಷದ ಪಿಕಿಂಗ್, ಅಂದರೆ ಕಾಫಿ ಕೊಯ್ಲು, ಮುಗಿದ ಮೇಲೆ ನಿವೃತ್ತಿ. ಕೆಲಸ ಬಿಟ್ಟವರು ಲೈನಿನ ಮನೆ ಬಿಡಬೇಕು. ನಾನು, ಹೆಂಡತಿ ಇಬ್ಬರೂ ಕರೆದೆವು. ಅವಳು ಒಪ್ಪಲಿಲ್ಲ.

“ಬಂದು ಹೋಯ್ತೀನಿ. ಇರಾಕೆ ನಂದೊಂದು ಬಾಗ್ಲು ಬೇಕು ಕಣ್ಲಾ. ಇಷ್ಟು ವರ್ಸ ಎಸ್ಟೇಟಿನ ಬಾಗ್ಲು, ಇನ್ಮೇಲೆ ಮಗನ ಬಾಗ್ಲು ಅಂದ್ರೆ, ನನ್ ಬಾಗ್ಲು ಅನ್ನೋದು ಯಾವಾಗ?”

ಇನ್ನೊಂದು ಕಡೆ ಅವಳ ತಮ್ಮ, ನನ್ನ ಸೋದರಮಾವ, ದುಬಾರೆಗೆ ಬರುವ ಪ್ರವಾಸಿಗರನ್ನು ಸುತ್ತಿಸಲು ಜೀಪು ತೆಗೆಯುವ ಯೋಚನೆಯಲ್ಲಿದ್ದ. ಅಕ್ಕನ ದುಡ್ಡು ಬರುವ ದಿನ ಅಕ್ಕನಿಗಿಂತ ಅವನಿಗೇ ಚೆನ್ನಾಗಿ ನೆನಪಿತ್ತು. ಹಾಗಾಗಿ ಈ ಯೋಜನೆ ನಿಂತರೆ ಅವ್ವನಿಗೆ ಒಂದು ಬಾಡಿಗೆ ಮನೆ, ಅದರಲ್ಲಿ ಅವಳದೇ ಒಲೆ. ನಿಲ್ಲದಿದ್ದರೆ ಮಾವನ ಜೀಪು.

ಮೊದಲು ನಾನು ಓದಿದ್ದನ್ನೇ ಮಾಡಿದೆ. ಕೊನೆಯ ಸಂಬಳದ ಇಷ್ಟು ಭಾಗ ತಿಂಗಳು ತಿಂಗಳು ಕೈಗೆ ಬಂದರೆ ನಿವೃತ್ತನಾದವನು ಮೊದಲಿನಂತೆಯೇ ಬದುಕಬಹುದು ಎಂಬುದು ಪುಸ್ತಕದ ಲೆಕ್ಕ. ಕಾಗದದ ಮೇಲೆ ಅಚ್ಚುಕಟ್ಟಾಗಿ ಕೂತಿತು. ಅವ್ವನ ಒಲೆ ಮುಂದೆ ಕೂತು ಅದನ್ನೇ ಇನ್ನೊಮ್ಮೆ ಓದುವಾಗ ತಪ್ಪು ಕಣ್ಣಿಗೆ ಹೊಡೆಯಿತು. ಒಲೆಯಲ್ಲಿ ಉರಿಯುತ್ತಿದ್ದದ್ದು ಎಸ್ಟೇಟಿನ ಸೌದೆ, ನೆರಳು ಮರದ ಕೊಂಬೆ ಸವರಿದಾಗ ಹೊತ್ತು ತಂದದ್ದು. ನೀರು ಎಸ್ಟೇಟಿನ ನಲ್ಲಿಯದು. ಸೂರು ಎಸ್ಟೇಟಿನದು. ಜ್ವರ ಬಂದರೆ ಮಾತ್ರೆ ಎಸ್ಟೇಟಿನ ಡಿಸ್ಪೆನ್ಸರಿಯದು. ಸಂಬಳ ಎಂದು ಕೈಗೆ ಬರುವುದು ಬದುಕಿನ ಅರ್ಧ ಮಾತ್ರ. ಉಳಿದರ್ಧ ದುಡ್ಡಿನ ರೂಪದಲ್ಲಿ ಬರುವುದೇ ಇಲ್ಲ. ಆದ್ದರಿಂದ ಅದು ಹೋದಾಗ ಹೋದದ್ದೆಷ್ಟು ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಇದನ್ನು ಕಂಡುಕೊಂಡದ್ದಕ್ಕೆ ನನಗೆ ಬಹಳ ಹೆಮ್ಮೆಯಾಯಿತು. ಕುಶಾಲನಗರದಲ್ಲಿ ಬಾಡಿಗೆ ಎಷ್ಟು ಎಂದು ಗಲ್ಲಿ ಗಲ್ಲಿ ಕೇಳಿದೆ. ಮೇಲಿನ ತೋಟಗಳವರೆಲ್ಲ ನಿವೃತ್ತರಾದ ಮೇಲೆ ಇಳಿದು ಬರುವುದು ಅಲ್ಲಿಗೇ: ನೆಲ ಸಮತಟ್ಟು, ಮಳೆ ಕಮ್ಮಿ, ಆಸ್ಪತ್ರೆ ಹತ್ತಿರ. ಹಾರಂಗಿ ನೋಡಲು, ದುಬಾರೆ ನೋಡಲು ಬರುವವರಿಗೆಂದು ಇದ್ದಬದ್ದ ಕೋಣೆಗಳೆಲ್ಲ ಹೋಮ್‌ಸ್ಟೇ ಆಗಿ, ಉಳಿದ ಮನೆಗಳ ಬಾಡಿಗೆ ಏರಿ ಕೂತಿತ್ತು. ಆ ಬಾಡಿಗೆ, ಗ್ಯಾಸು, ನೀರು, ಔಷಧಿ ಎಲ್ಲ ಕೂಡಿಸಿದೆ. ಇದಕ್ಕೆ ಈಗಿನಿಂದ ಎಷ್ಟು ಉಳಿಸಬೇಕು ಎಂದು ಬರೆದುಕೊಂಡು ಭಾನುವಾರ ಲೈನಿಗೆ ಹೋಗಿ ಓದಿದೆ.

ಕೊನೆಯ ಅಂಕಿ ಕೇಳಿದ್ದೇ ಪಕ್ಕದ ಮನೆಯಾಕೆ, “ಅಯ್ಯೋ ತಮ್ಮಾ, ಇಷ್ಟು ದುಡ್ಡು ಕೂಡಾಕೋ ಹಂಗಿದ್ರೆ ನಮ್ ಸಾವ್ಕಾರ್ರ ತ್ವಾಟಾನೆ ತಗಂಬುಡ್ತಿದ್ವಲ್ಲ!” ಎಂದಳು. ಜಗಲಿಯ ತುಂಬ ನಗು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳೂ ನಗುತ್ತಿದ್ದಳು.

ಮುಂದಿನ ಭಾನುವಾರ ಮಡಿಕೇರಿಯವನ ಸರದಿ. ಅವನು ಕಾರನ್ನು ರಸ್ತೆಯಲ್ಲೇ ಬಿಟ್ಟು ನಡೆದು ಬಂದ. ಅದನ್ನೂ ನಾನು ಗಮನಿಸಿದೆ, ಒಳ್ಳೆಯ ಉಪಾಯ. ಲೈನಿನ ಮೊದಲ ಬಾಗಿಲಲ್ಲಿ ಕೂತಿದ್ದ, ಕೆಲಸದಲ್ಲಿರುವ ಮಗಳ ಜೊತೆ ಇರುವ ತಮಿಳು ಮುದುಕಿಗೆ, “ಎನ್ನ ಪಾಟಿ, ಸಾಪ್ಟೀಂಗಳಾ?” ಎಂದು ಅಜ್ಜಿಯ ಊಟ ವಿಚಾರಿಸಿದ. ಪಾಟಿ ಕೂತಲ್ಲೇ ಸರಿದು ಅವನಿಗೆ ಜಾಗ ಮಾಡಿದಳು. ನನಗೆ ಅವಳು ಯಾವತ್ತೂ ಜಾಗ ಮಾಡಿದವಳಲ್ಲ. ಚಿಕ್ಕವನಿದ್ದಾಗ ಅವಳ ಕೋಳಿ ಓಡಿಸಿದ್ದಕ್ಕೆ ಇನ್ನೂ ಬೈಯುತ್ತಾಳೆ.

ನಮ್ಮ ಮನೆಗೂ ಬಂದ. ಅವ್ವ ಒಳಗಿನಿಂದ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಬೆಲ್ಲದ ಕಾಫಿ ತಂದಿಟ್ಟಳು. ರೊಟ್ಟಿ ಬಿಸಿ, ತೆಳ್ಳಗೆ, ಹಪ್ಪಳದ ಹಾಗೆ ಉಬ್ಬಿತ್ತು.

“ಅಮ್ಮ, ಇದು ರೊಟ್ಟಿಯಾ ಮೋಡವಾ? ನಮ್ಮ ಮನೆಯಲ್ಲಿ ಮಾಡ್ತಾರೆ, ಚಪ್ಪಲಿ ಥರ ಇರ್ತದೆ” ಎಂದ ಅವನು.

“ಹೋಗಿ ಸಾರ್, ನಿಮ್ದೊಂದು!” ಅವ್ವ ನಾಚಿಕೊಂಡು ಇನ್ನೊಂದು ಹಾಕಿದಳು.

“ಅವ್ವಾ, ನಂಗೆ?” ಎಂದೆ.

“ನೀನೇನ್ ನೆಂಟನಾ? ಒಳಗೈತೆ, ತಗೊ ಹೋಗು.”

ಒಳಗೆ ಹೋದೆ. ಬುಟ್ಟಿಯಲ್ಲಿದ್ದದ್ದು ಬೆಳಗಿನ ರೊಟ್ಟಿ.

ಅವನ ಲೆಕ್ಕ ಬಹಳ ಸರಳ. ಸಂತೆಗೆ ವಾರಕ್ಕೆ ಎಷ್ಟು ಬೇಕು, ಬಸ್ಸಿಗೆ ಎಷ್ಟು, ಎಲೆ ಅಡಿಕೆಗೆ ಎಷ್ಟು ಎಂದು ಅವರವರ ಭಾಷೆಯಲ್ಲಿ ನಗಿಸುತ್ತಾ ಕೇಳಿದ. ಅವರು ಹೇಳಿದ್ದನ್ನು ಕೂಡಿಸಿ, ಬೆಲೆ ಏರುವುದಕ್ಕೆಂದು ಸ್ವಲ್ಪ ಸೇರಿಸಿ, ತಿಂಗಳಿಗೆ ಇಷ್ಟು ಸಾಕು, ಅದಕ್ಕೆ ಈಗ ಇಷ್ಟಿಷ್ಟು ಕಟ್ಟಿ ಎಂದ. ನನ್ನ ಅಂಕಿಯ ಪಕ್ಕದಲ್ಲಿ ಅದು ಮಗುವಿನ ಅಂಗಿಯಂತಿತ್ತು. ಎಲ್ಲರೂ ಒಪ್ಪಿದರು. ಅವ್ವ ಎಲ್ಲರಿಗಿಂತ ಮೊದಲು ಒಪ್ಪಿದಳು.

ವಾಪಸ್ ಬರುವಾಗ ದಾರಿಯಲ್ಲಿ ತಡೆಯಲಾಗದೆ ಹೇಳಿಯೇಬಿಟ್ಟೆ. “ನಿನ್ನ ಲೆಕ್ಕದಲ್ಲಿ ಮನೆಯೇ ಇಲ್ಲ. ಸೌದೆ ಇಲ್ಲ, ನೀರಿಲ್ಲ, ಆಸ್ಪತ್ರೆ ಇಲ್ಲ. ಅವೆಲ್ಲ ಎಸ್ಟೇಟ್ ಕೊಡೋದು. ಕೆಲಸ ಬಿಟ್ಟ ದಿನವೇ ನಿಲ್ಲುತ್ತೆ.”

ಅವನು ಜಗಳಕ್ಕೆ ನಿಂತಿದ್ದರೆ ನನಗೆ ಅನುಕೂಲವಾಗುತ್ತಿತ್ತು. ರಸ್ತೆಯಲ್ಲೇ ನಿಂತು ಹಣೆ ಬಡಿದುಕೊಂಡ. “ಅಯ್ಯೋ ಹೌದಲ್ವಾ ಮಾರಾಯ! ನಂಗೆ ಹೊಳೀಲೇ ಇಲ್ಲ. ಸೇರಿಸ್ತೇನೆ.”

ಸೇರಿಸಿದ. ಅಷ್ಟೇ ಅಲ್ಲ, ಇಬ್ಬರು ಮೂವರು ಸೇರಿ ಒಂದು ಮನೆ ಹಿಡಿದರೆ ಬಾಡಿಗೆ ಹಂಚಿಹೋಗುತ್ತದೆ ಎಂದು ಬರೆದು, ನನ್ನ ಕೈಯಲ್ಲಿ ಬೆಟ್ಟದಷ್ಟಾಗಿದ್ದ ಅಂಕಿಯನ್ನು ಜನ ನಗದಂಥ ಗಾತ್ರಕ್ಕೆ ಇಳಿಸಿದ. ಮಂಡಳಿ ಸಭೆಯಲ್ಲಿ ಅಧ್ಯಕ್ಷರು, “ಸೌದೆಯವರೆಗೂ ಯೋಚನೆ ಮಾಡಿದ್ದೀರಲ್ಲ, ಭೇಷ್” ಎಂದು ಅವನ ಬೆನ್ನು ತಟ್ಟಿದರು. “ಇವರೂ ಸ್ವಲ್ಪ ಹೇಳಿದ್ರು ಸಾರ್” ಎಂದ ಅವನು, ನನ್ನ ಕಡೆ ಕೈ ತೋರಿಸಿ. ಆ ‘ಸ್ವಲ್ಪ’ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿತು.

ಯೋಜನೆಗೆ ಎರಡು ಭಾಗ. ಇನ್ನೂ ಕೆಲಸದಲ್ಲಿರುವವರು ಪ್ರತಿ ತಿಂಗಳು ಆರ್.ಡಿ. ಕಟ್ಟುವುದು, ತಪ್ಪಿದ ತಿಂಗಳಿಗೆ ದಂಡ. ಆಗಲೇ ನಿವೃತ್ತರಾದವರು ತಮ್ಮ ಗ್ರಾಚ್ಯುಟಿಯನ್ನು ಠೇವಣಿ ಇಟ್ಟು, ತಿಂಗಳು ತಿಂಗಳು ಒಂದೇ ಸಮನಾದ ಕಂತು ಪಡೆಯುವುದು. ಪಿ.ಎಫ್. ಪಿಂಚಣಿ ಅಂತ ಬರುವುದು ಸಣ್ಣದು. ಈ ಕಂತು ಅದರ ಮೇಲೆ. ಪಿಕಿಂಗ್ ಶುರುವಾಗುವ ಹೊತ್ತಿಗೆ ಯೋಜನೆಯೂ ಶುರುವಾಯಿತು. ಹಣ್ಣು ಕೊಯ್ದ ತೂಕಕ್ಕೆ ಕೂಲಿ, ಎಲ್ಲರ ಕೈಯಲ್ಲೂ ದುಡ್ಡು ಓಡಾಡುವ ಕಾಲ. ಒಬ್ಬರೂ ಕಂತು ತಪ್ಪಿಸಲಿಲ್ಲ. ಅಧ್ಯಕ್ಷರು ಬಂದವರಿಗೆಲ್ಲ ಮಡಿಕೇರಿಯವನನ್ನು ತೋರಿಸಿ ಹೊಗಳುತ್ತಿದ್ದರು. ನಾನು ಪಾಸ್‌ಬುಕ್ಕಿಗೆ ಸೀಲು ಹೊಡೆಯುತ್ತಿದ್ದೆ, ಅಗತ್ಯಕ್ಕಿಂತ ಜೋರಾಗಿ.

ಮಳೆ ಹಿಡಿಯಿತು.

ಮೊದಲು ಆರ್.ಡಿ.ಗಳು ತಪ್ಪಿದವು. ಜೂನ್‌ನಲ್ಲಿ ಕೆಲವು, ಜುಲೈನಲ್ಲಿ ಹೆಚ್ಚುಕಮ್ಮಿ ಎಲ್ಲ. ದಂಡ ಬಿತ್ತು, ದಂಡ ಬಿದ್ದದ್ದಕ್ಕೆ ಸಿಟ್ಟಾಗಿ ಕೆಲವರು ಖಾತೆಯನ್ನೇ ಮುಚ್ಚಲು ಬಂದರು. ಅದಕ್ಕಿಂತ ಕೆಟ್ಟದ್ದೆಂದರೆ ನಿವೃತ್ತರಾದವರು ಒಬ್ಬೊಬ್ಬರಾಗಿ ಠೇವಣಿ ಮುರಿಸಲು ಬಂದದ್ದು. ಅವರಲ್ಲೊಬ್ಬ ಮುದುಕ, ಮೊದಲು ತೋಟದಲ್ಲಿ ಮರ ಸವರುತ್ತಿದ್ದವನು, ಒದ್ದೆ ಛತ್ರಿಯನ್ನು ಕೌಂಟರಿನ ಮೇಲೇ ಮಲಗಿಸಿ ನಿಂತ.

“ಅಜ್ಜಾ, ಮಧ್ಯದಲ್ಲಿ ಮುರಿದ್ರೆ ಬಡ್ಡಿ ಹೋಗ್ತದೆ” ಎಂದ ಮಡಿಕೇರಿಯವನು.

“ಹೋಗ್ಲಿ.”

“ಪ್ರತಿ ತಿಂಗಳು ಬರ್ತಾ ಇದ್ಯಲ್ಲ ಅಜ್ಜಾ, ಸಾಲ್ತಾ ಇಲ್ವಾ?”

“ತಿಂಗ್ಳಿಗೆ ಸಾಲ್ತದೆ. ಸೂರು ತಿಂಗ್ಳು ತಿಂಗ್ಳು ಸೋರಲ್ಲ ಕಣಪ್ಪ, ಒಟ್ಗೆ ಸೋರ್ತದೆ. ದುಡ್ ನಂದೇ ತಾನೇ? ಕೊಡಿ.”

ಕೊಟ್ಟೆವು. ಅವನ ಹಿಂದೆ ಇನ್ನಿಬ್ಬರು ನಿಂತಿದ್ದರು. ಮಡಿಕೇರಿಯವನ ಮುಖ ಸಣ್ಣಗಾಯಿತು. ಯಾವ ಭಾಷೆಯಲ್ಲೂ ಅವನಿಗೆ ಮಾತು ಹೊರಡಲಿಲ್ಲ. ನನಗೆ ಖುಷಿಯಾಯಿತು. ಪಕ್ಕದ ಕುರ್ಚಿಯಿಂದ ಅದನ್ನು ಕಣ್ತುಂಬ ನೋಡಿದೆ. ರೈಟರ್ ಫೋನ್ ಮಾಡಿ, “ಹೇಳಿರ್ಲಿಲ್ವೇನಯ್ಯ?” ಎಂದು ನಕ್ಕಾಗ ಕೂಡ ನನಗೆ ಬೇಜಾರಾಗಲಿಲ್ಲ.

ಅಧ್ಯಕ್ಷರು ಇಬ್ಬರನ್ನೂ ಕರೆದರು. “ಮಳೆ ಕಳೆದ ಮೇಲೆ ಮಂಡಳಿ ಸೇರುತ್ತೆ. ಸರಿ ಮಾಡೋಕಾದ್ರೆ ಅಷ್ಟರೊಳಗೆ ಮಾಡಿ. ಇಲ್ಲ ಅಂದ್ರೆ ಮುಚ್ಚೋಣ, ಮರ್ಯಾದೆ ಉಳಿಯುತ್ತೆ.”

ಆ ವಾರ ಲೈನಿಗೆ ಹೋದಾಗ ಅವ್ವ ಒಲೆಯ ಮೇಲಿನ ಅಟ್ಟದಿಂದ ಸೌದೆ ಇಳಿಸುತ್ತಿದ್ದಳು.

“ಸಂಘದೋರು ಅದನ್ನ ಮುಚ್ತಾರಂತೆ?” ಎಂದಳು.

“ಯಾರಂದ್ರು?”

“ನಿಮ್ ಮಾವ ಬಂದಿದ್ದ. ಜೀಪಲ್ಲಿ ಪಾಲು ಕೊಡ್ತಾನಂತೆ. ಸೀಜನ್ನಲ್ಲಿ ದಿನಾ ದುಡ್ಡಂತೆ.” ಸ್ವಲ್ಪ ತಡೆದು, “ನಿಮ್ದು ನಿಲ್ಲದಿದ್ರೆ ಇನ್ನೆಲ್ಲಿ ಇಡ್ಲಪ್ಪ? ಹಾಸಿಗೆ ಕೆಳಗಾ?” ಎಂದಳು.

ನನ್ನ ಖುಷಿ ಅಲ್ಲಿಗೆ ಮುಗಿಯಿತು. ಮಡಿಕೇರಿಯವನ ಯೋಜನೆ ಬಿದ್ದರೆ ಅದರಡಿ ಸಿಕ್ಕುವವಳು ನಮ್ಮವ್ವ.

ಅವಳು ಸೌದೆ ಇಳಿಸುವುದನ್ನು ನೋಡುತ್ತಾ ಕೂತಿದ್ದೆ. ಆ ಅಟ್ಟ ತುಂಬುವುದು ಮೇ ತಿಂಗಳಲ್ಲಿ. ನಾವು ಚಿಕ್ಕವರಿದ್ದಾಗ ವರ್ಷಕ್ಕೊಂದೇ ಸಲ ಸಂತೆಗೆ ಖಾಲಿ ಚೀಲ ಎರಡು ಮೂರು ಹಿಡಿದು ಹೋಗುತ್ತಿದ್ದೆವು, ಮಳೆಗೆ ಮುಂಚೆ: ಅಕ್ಕಿ ಮೂಟೆ, ಒಣಮೀನು, ಮೆಣಸಿನಕಾಯಿ, ಕಂಬಳಿ, ಟಾರ್ಪಾಲು. ಆ ದುಡ್ಡು ಎಲ್ಲಿಂದ ಬರುತ್ತಿತ್ತು? ಎಸ್ಟೇಟಿನ ಮುಂಗಡದಿಂದ. ನಮ್ಮ ತೋಟದಲ್ಲಿ ಮಳೆಗೆ ಮೊದಲು ಎಲ್ಲರಿಗೂ ಮುಂಗಡ ಕೊಡುವ ರೂಢಿ. ಪಿಕಿಂಗ್ ಕೂಲಿಯಲ್ಲಿ ಮುರಿದುಕೊಳ್ಳುತ್ತಾರೆ. ಮುರಿದುಕೊಳ್ಳುವುದರಿಂದ ಅದನ್ನು ಯಾರೂ ಖರ್ಚು ಎಂದು ಎಣಿಸುವುದಿಲ್ಲ. ತಿಂಗಳ ಖರ್ಚು ಕೇಳಿದರೆ ಸಂತೆಯ ಖರ್ಚು ಹೇಳುತ್ತಾರೆ. ಮನೆ, ಸೌದೆ, ನೀರು ಎಸ್ಟೇಟಿನದು ಎಂದು ಹಿಡಿದವನು ನಾನು. ಮುಂಗಡವೂ ಎಸ್ಟೇಟಿನದು ಎಂಬುದನ್ನು ಬಿಟ್ಟಿದ್ದೆ. ನಿವೃತ್ತನಾದವನಿಗೆ ಆ ಮುಂಗಡ ಕೊಡುವವರಿಲ್ಲ. ಮಳೆ ಮಾತ್ರ ಅವನಿಗೂ ಬರುತ್ತದೆ.

ಆ ಮಳೆಗಾಲ ಪೂರ್ತಿ ನಾನು ರಜೆಯ ದಿನಗಳಲ್ಲಿ ಮನೆ ಮನೆ ಸುತ್ತಿದೆ. ತಿಂಗಳಿಗೆ ಎಷ್ಟು ಎಂದು ಕೇಳಲಿಲ್ಲ. ಮಳೆಗೆ ಮುಂಚೆ ಏನೇನು ತಂದಿರಿ, ಮಳೆಯಲ್ಲಿ ಏನು ತಂದಿರಿ, ಪಿಕಿಂಗ್‌ನಲ್ಲಿ ಏನು ತಂದಿರಿ ಎಂದು ಸಾಮಾನುಗಳ ಹೆಸರು ಹಿಡಿದು ಕೇಳಿದೆ. ಆಮೇಲೆ ಅಂಗಡಿಗಳಲ್ಲಿ ಬೆಲೆ ಕೇಳಿ ಬರೆದುಕೊಂಡೆ. ಎರಡು ಸಂಗತಿ ಗೊತ್ತಾದವು. ಒಂದು, ಖರ್ಚು ಹನ್ನೆರಡು ತಿಂಗಳಿಗೆ ಹರಡಿಲ್ಲ; ದೊಡ್ಡ ಗುಡ್ಡೆಯೊಂದು ಮಳೆಗೆ ಮುಂಚೆ, ಉಳಿದದ್ದೆಲ್ಲ ಸಣ್ಣದು. ಸಂಪಾದನೆಯ ಗುಡ್ಡೆ ಪಿಕಿಂಗ್‌ನಲ್ಲಿ. ಈ ಎರಡರ ಮೇಲೆ ಒಂದೇ ಸಮನಾದ ತಿಂಗಳ ಕಂತನ್ನು ಹೊದಿಸಿದರೆ ಮುರಿಯದೆ ಇನ್ನೇನಾಗುತ್ತದೆ?

ಎರಡನೆಯದು ಜಾಗದ ಮಾತು. ಎಲ್ಲರೂ ಕುಶಾಲನಗರದಲ್ಲಿ ದುಬಾರಿ, ಸೋಮವಾರಪೇಟೆ ಕಡೆ ಮೇಲೆ ಹೋದರೆ ಅಗ್ಗ ಎನ್ನುತ್ತಾರೆ. ಬಾಡಿಗೆ ಮಾತ್ರ ನೋಡಿದರೆ ನಿಜ. ಆದರೆ ಮೇಲೆ ಸೌದೆ ಹೆಚ್ಚು ಬೇಕು, ಸೂರಿನ ಖರ್ಚು ಹೆಚ್ಚು, ಆಸ್ಪತ್ರೆಗೆ ಆಟೋ ಬೇಕು. ಕೆಳಗೆ ಬಾಡಿಗೆ ಹೆಚ್ಚು, ಮಳೆಯ ಖರ್ಚು ಕಮ್ಮಿ. ವರ್ಷದ ಕೊನೆಗೆ ಕೂಡಿಸಿದರೆ ಎರಡೂ ಹತ್ತಿರ ಹತ್ತಿರ ಬಂದು ನಿಂತವು. ಅಂದರೆ ಎಲ್ಲಿರಬೇಕು ಎಂಬುದನ್ನು ಅವರವರು ಮನಸ್ಸಿಗೆ ಬಂದಂತೆ ಆರಿಸಿಕೊಳ್ಳಬಹುದು. ಕಂತಿನ ಆಕಾರ ಮಾತ್ರ ಅದಕ್ಕೆ ತಕ್ಕಂತೆ ಬದಲಾಗಬೇಕು: ತಿಂಗಳು ತಿಂಗಳು ಸಣ್ಣದು, ಮಳೆಗೆ ಮುಂಚೆ ಒಂದು ದೊಡ್ಡದು.

ಇಷ್ಟನ್ನೂ ಟೈಪ್ ಮಾಡಿಸಿದೆ. ಮೇಲೆ ನನ್ನ ಹೆಸರು, ಹೆಸರಿನ ಮುಂದೆ ಬಿ.ಕಾಂ. ಅವನಿಗೆ ಒಂದು ಮಾತೂ ಹೇಳಲಿಲ್ಲ. ಹಿಂದಿನ ಸಲ ಹೇಳಿ ಏನಾಯಿತು ಎಂದು ನೋಡಿದ್ದೆನಲ್ಲ.

ಸಭೆಗೆ ಮುಂಚೆ ಒಂದು ಪ್ರಯೋಗ ಮಾಡೋಣ ಎಂದು ಅದನ್ನು ಪಾಟಿಗೆ ವಿವರಿಸಲು ಹೋದೆ, ನನ್ನ ತಮಿಳಿನಲ್ಲಿ. ಅವಳು ತಲೆಯಾಡಿಸುತ್ತಾ ಕೇಳಿ, ಕೊನೆಗೆ ಎದ್ದು ನಿಂತು ಲೈನಿಗೆಲ್ಲ ಕೇಳುವಂತೆ ಕೂಗಾಡತೊಡಗಿದಳು. ಸಂಘದವರು ತಿಂಗಳ ದುಡ್ಡಲ್ಲಿ ಅರ್ಧ ಹಿಡಿದುಕೊಳ್ಳುತ್ತಾರಂತೆ ಎಂದು ಅವಳಿಗೆ ಅರ್ಥವಾಗಿತ್ತು. ಅವಳನ್ನು ಕೂರಿಸುವಷ್ಟರಲ್ಲಿ ಸಾಕಾಗಿಹೋಯಿತು.

ಅವತ್ತು ಬಸ್‌ಸ್ಟ್ಯಾಂಡಿನವರೆಗೆ ನಡೆಯುತ್ತಾ ಯೋಚಿಸಿದೆ. ಎರಡು ಯೋಜನೆ ಮಂಡಳಿ ಮುಂದೆ ಹೋದರೆ ಅವರು ಎರಡನ್ನೂ ಹೊ‌ಗಳಿ ಮುಂದಿನ ಸಭೆಗೆ ಹಾಕುತ್ತಾರೆ. ಯಾವ ಮಂಡಳಿಯೂ ಹಾಗೇ ಮಾಡುವುದು. ಮುಂದಿನ ಸಭೆಯ ಹೊತ್ತಿಗೆ ಅವ್ವನ ದುಡ್ಡು ಬಂದು ಜೀಪಿನ ಟಯರಾಗಿರುತ್ತದೆ. ಒಂದು ವೇಳೆ ನನ್ನದೇ ಒಪ್ಪಿದರೂ ಅದನ್ನು ಪಾಟಿಗೆ ಹೇಳುವವರು ಯಾರು? ಹೆಸರು ಬೇಕೋ, ಯೋಜನೆ ಬೇಕೋ ಎಂದು ನಾನು ಆರಿಸಬೇಕಾಗಿತ್ತು. ದೊಡ್ಡತನದಿಂದ ಆರಿಸಲಿಲ್ಲ, ಅಷ್ಟೂ ದಾರಿ ಅವನನ್ನು ಬೈದುಕೊಂಡೇ ಆರಿಸಿದೆ.

ಮರುದಿನ ಊಟದ ಹೊತ್ತಿಗೆ ಅವನನ್ನು ಹೋಟೆಲಿಗೆ ಕರೆದೆ. ಕಾಗದ ಮುಂದಿಟ್ಟೆ.

“ಇದನ್ನ ನಿನ್ನ ಯೋಜನೆಯೊಳಗೇ ಸೇರಿಸು. ಒಂದೇ ಆಗಿ ಹೋಗಲಿ.”

ಅವನು ಪೂರ್ತಿ ಓದಿದ. ದೋಸೆ ಆರಿಹೋಯಿತು. “ನೀನೇ ಮಂಡಿಸು ಮಾರಾಯ. ಇದು ಪೂರಾ ನಿಂದೇ ಕೆಲಸ.”

“ನಾನು ಮಂಡಿಸಿದ್ರೆ ಎರಡಾಗುತ್ತೆ. ಎರಡಾದ್ರೆ ಮುಂದಕ್ಕೆ ಹೋಗುತ್ತೆ. ನಮ್ಮವ್ವನಿಗೆ ಅಷ್ಟು ಟೈಮಿಲ್ಲ.”

“ಅಮ್ಮನಿಗಾ?” ಎಂದು ಕಾಗದವನ್ನು ಮತ್ತೆ ಹತ್ತಿರ ಎಳೆದುಕೊಂಡ. “ಆದ್ರೆ ಇಲ್ಲೊಂದು ತೊಂದರೆ ಉಂಟಲ್ಲ. ದೊಡ್ಡ ಠೇವಣಿಯಿಂದ ಮಳೆಗೆ ಮುಂಚೆ, ಪ್ರತಿ ಮೇ ತಿಂಗಳಲ್ಲಿ ಒಂದು ಪಾಲು ತೆಗೆದ್ರೆ ಪ್ರತಿ ಸಲ ಮುರಿದ ಹಾಗೆ. ಬಡ್ಡಿ ಹೋಗ್ತದೆ.”

ನನಗೆ ಅದು ಗೊತ್ತಿತ್ತು. ಪರಿಹಾರ ಗೊತ್ತಿರಲಿಲ್ಲ.

“ಒಂದೇ ಠೇವಣಿ ಯಾಕೆ?” ಎಂದ, ಸಾಂಬಾರಿನ ಬಟ್ಟಲನ್ನು ಪಕ್ಕಕ್ಕಿಟ್ಟು. “ಮಳೆ ಕಂತಿಗೆ ಬೇರೆ ಬೇರೆ ಸಣ್ಣ ಠೇವಣಿ ಮಾಡುವ. ಒಂದರದ್ದು ಬರುವ ಮೇಗೆ ಅವಧಿ ಮುಗಿಯೋ ಹಾಗೆ, ಇನ್ನೊಂದರದ್ದು ಅದರ ಮುಂದಿನ ಮೇಗೆ, ಹೀಗೆ. ಯಾವುದನ್ನೂ ಮುರಿಯೋದು ಬೇಡ. ದೂರದ ಮಳೆಗೆ ಇಟ್ಟದ್ದಕ್ಕೆ ಬಡ್ಡಿಯೂ ಹೆಚ್ಚು.”

ಅಷ್ಟು ಸುಲಭ. ಮಳೆಗಾಲ ಪೂರ್ತಿ ಒದ್ದೆಯಾಗಿ ತಿರುಗಿದ ನನಗೆ ಹೊಳೆಯದ್ದು ಅವನಿಗೆ ಒಂದು ದೋಸೆ ಆರುವಷ್ಟರಲ್ಲಿ ಹೊಳೆದಿತ್ತು. ಮತ್ತೆ ಉರಿಯಿತು. ಬಿಲ್ಲು ನಾನೇ ಕೊಟ್ಟೆ. ಅದನ್ನಾದರೂ ಅವನಿಗೆ ಬಿಟ್ಟುಕೊಡಲಿಲ್ಲ.

ಕೆಲಸದಲ್ಲಿರುವವರ ಭಾಗವನ್ನು ಇಬ್ಬರೂ ಸೇರಿ ತಿದ್ದಿದೆವು. ಪಿಕಿಂಗ್ ತಿಂಗಳುಗಳಲ್ಲಿ ವಾರ ವಾರ, ಪಿಗ್ಮಿಯಂತೆ ಲೈನಿಗೇ ಹೋಗಿ ಕಟ್ಟಿಸಿಕೊಳ್ಳುವುದು. ಮಳೆ ತಿಂಗಳುಗಳಲ್ಲಿ ಕಂತೂ ಇಲ್ಲ, ದಂಡವೂ ಇಲ್ಲ. ನಿವೃತ್ತರಿಗೆ ಪ್ರತಿ ತಿಂಗಳು ಸಣ್ಣ ಕಂತು, ಮಳೆಗೆ ಮುಂಚೆ ಒಂದು ದೊಡ್ಡದು. ಲೈನಿನಲ್ಲಿ ವಿವರಿಸಿದವನು ಅವನೇ. ಪಾಟಿ ಈ ಸಲ ಕೂಗಾಡಲಿಲ್ಲ. ಎರಡು ಪ್ರಶ್ನೆ ಕೇಳಿ, ಒಪ್ಪಿಗೆಯ ಪಟ್ಟಿಗೆ ಹೆಬ್ಬೆಟ್ಟು ಒತ್ತಿ, ನನ್ನ ಕಡೆ ತಿರುಗಿ ಇದನ್ನು ಮೊದಲೇ ಹೇಳಬಾರದಿತ್ತೇ ಎಂದಳು.

ಮಂಡಳಿ ಸಭೆಯಲ್ಲಿ ಅವನು ಎದ್ದು ನಿಂತು, “ಮಳೆ ಕಂತಿನ ಯೋಚನೆ ಪೂರ್ತಿ ಇವರದ್ದು ಸಾರ್. ನಾನು ಠೇವಣಿ ಜೋಡಿಸಿದ್ದು ಮಾತ್ರ” ಎಂದ. ಒಂದು ಅಕ್ಷರವೂ ಸುಳ್ಳಿಲ್ಲ. ಅಧ್ಯಕ್ಷರು ಅವನನ್ನೇ ನೋಡುತ್ತಾ, “ಇನ್ನೊಬ್ಬರ ಕೆಲಸವನ್ನ ಹೀಗೆ ಸಭೆಯಲ್ಲಿ ಹೇಳಬೇಕಾದ್ರೆ ದೊಡ್ಡ ಮನಸ್ಸು ಬೇಕು ನೋಡಿ” ಎಂದರು. ಎಲ್ಲರೂ ಅವನಿಗೆ ಚಪ್ಪಾಳೆ ತಟ್ಟಿದರು. ಅವನು ಕೆಟ್ಟವನಾಗಿದ್ದರೆ ನನ್ನ ಬದುಕು ಎಷ್ಟೋ ಸುಲಭವಾಗಿರುತ್ತಿತ್ತು.

ಯೋಜನೆ ಪಾಸಾಯಿತು. ಆದರೂ ಒಂದು ಭಯ ಉಳಿದಿತ್ತು. ಲೈನಿನವರು ಕಂತು ಕಟ್ಟುತ್ತಿದ್ದರೇ ಹೊರತು, ಗ್ರಾಚ್ಯುಟಿಯಂಥ ದೊಡ್ಡ ಗಂಟನ್ನು ಹೊಸ ರೀತಿಯಲ್ಲಿ ಇಡಲು ಯಾರೂ ಮುಂದೆ ಬರಲಿಲ್ಲ. ಹಿಂದಿನ ಮಳೆಯಲ್ಲಿ ಮುರಿಸಿಕೊಂಡವರ ಕಥೆ ಎಲ್ಲರಿಗೂ ಗೊತ್ತಿತ್ತು. ಮೊದಲು ಯಾರಾದರೂ ಇಡಲಿ, ನೋಡೋಣ ಎಂದು ಎಲ್ಲರೂ ಕಾಯುತ್ತಿದ್ದರು. ಹಾಗೆ ಇಡುವವಳು ಅವ್ವನೇ ಆಗಬೇಕಿತ್ತು. ಮಾವ ಬಂದು ಎರಡು ದಿನ ಕೂತು ಹೋದ. ಅವ್ವ ಅವನಿಗೆ ಕೋಳಿ ಸಾರು ಮಾಡಿ ಹಾಕಿದಳು. ದುಡ್ಡಿನ ಮಾತಿಗೆ ಮಾತ್ರ, “ಮಗನ್ನ ಕೇಳಪ್ಪ, ನಂಗೇನ್ ಗೊತ್ತು” ಎಂದಳಂತೆ. ನನ್ನನ್ನು ಕೇಳಲು ಅವನು ಬರಲಿಲ್ಲ.

ಪಿಕಿಂಗ್ ಮುಗಿಯಿತು. ಅವ್ವನ ಹೆಸರು ಹಾಜರಿಯಿಂದ ಹೋಯಿತು, ದುಡ್ಡು ಖಾತೆಗೆ ಬಂತು. ಸುಂಟಿಕೊಪ್ಪದ ಹತ್ತಿರ ಒಂದು ಸಣ್ಣ ಮನೆ ನೋಡಿದೆವು. ಪಕ್ಕದ ಮನೆಯಾಕೆಯೂ ಕೆಲಸ ಬಿಡುವವಳೇ. ಬಾಡಿಗೆಯಲ್ಲಿ ಅರ್ಧ ಅವಳದು. ಅವಳು ಮಾತ್ರ ತನ್ನ ದುಡ್ಡಿನ ವಿಷಯ ಎತ್ತಿದರೆ, “ನಿಮ್ಮವ್ವಂದು ಆಗ್ಲಿ, ಆಮೇಲೆ” ಎನ್ನುತ್ತಿದ್ದಳು.

ಠೇವಣಿ ಪತ್ರ ಕೊಡುವ ದಿನ ಸಂಘದ ಆಫೀಸಿಗೆ ಲೈನಿನ ಹೆಂಗಸರು ಅರ್ಧ ದಿನ ರಜೆ ಹಾಕಿ ಪಿಕಪ್ಪಿನಲ್ಲಿ ಬಂದಿದ್ದರು. ಪಾಟಿ ಡ್ರೈವರ್ ಪಕ್ಕದಲ್ಲಿ ಕೂತು ಬಂದಿದ್ದಳು. ಅವ್ವ ನನ್ನ ಮದುವೆಗೆ ಉಟ್ಟ ಸೀರೆ ಉಟ್ಟಿದ್ದಳು. ಪತ್ರಗಳನ್ನು ಬರೆದವನು ನಾನೇ: ತಿಂಗಳ ಕಂತಿನದೊಂದು, ಒಂದೊಂದು ಮಳೆಗೆ ಒಂದೊಂದು. ಎಲ್ಲವನ್ನೂ ಸೇರಿಸಿ ಒಂದು ಫೈಲಿಗೆ ಹಾಕಿ ಅಧ್ಯಕ್ಷರ ಮೇಜಿನ ಮೇಲಿಟ್ಟೆ.

ಅಧ್ಯಕ್ಷರು ಎದ್ದರು. “ತಾಯಿಯ ಪತ್ರವನ್ನ ಮಗನೇ ಕೊಡಲಿ. ಅದಕ್ಕಿಂತ ಚೆಂದ ಇನ್ನೇನಿದೆ?”

ನನಗೆ ಎದೆ ತುಂಬಿ ಬಂತು. ಫೈಲು ಕೈಗೆ ತೆಗೆದುಕೊಂಡೆ. ಒಂದು ಹೆಜ್ಜೆಯನ್ನೂ ಇಟ್ಟಿದ್ದೆ.

“ಬ್ಯಾಡಿ ಸಾರ್” ಎಂದಳು ಅವ್ವ. “ಮಡಿಕೇರಿ ಸಾರ್ ಕೊಡ್ಲಿ.”

ಯಾರೋ ಕಿಸಕ್ಕೆಂದರು. ಮಡಿಕೇರಿಯವನು ನನ್ನ ಮುಖ ನೋಡಿ, “ಅಮ್ಮ, ಇವನೇ ಕೊಡ್ಲಿ ಅಮ್ಮ” ಎಂದ. ಅವ್ವ ಅಲ್ಲಾಡಲಿಲ್ಲ. ನಾನು ಫೈಲನ್ನು ಅವನ ಕೈಗೆ ಕೊಟ್ಟೆ. ಅವನು ಎರಡೂ ಕೈಯಿಂದ ಅವಳಿಗೆ ಕೊಟ್ಟ. ಚಪ್ಪಾಳೆ. ಫೋಟೋ. ಫೋಟೋದಲ್ಲಿ ಅವರಿಬ್ಬರ ನಡುವೆ ನನ್ನ ಭುಜ ಮಾತ್ರ ಇದೆ.

ಚಪ್ಪಾಳೆ ನಿಲ್ಲುವ ಮೊದಲೇ ಪಕ್ಕದ ಮನೆಯಾಕೆ ಕೌಂಟರಿನ ಹತ್ತಿರ ಬಂದು, ತನಗೂ ಅದೇ ಥರ ಮಾಡಿಕೊಡಲು ಎಷ್ಟು ದಿನ ಬೇಕು ಎಂದು ಮಡಿಕೇರಿಯವನನ್ನು ಕೇಳಿದಳು. ಅವಳ ಹಿಂದೆ ಇನ್ನೊಬ್ಬಳು. ನಾನು ಮೂಲೆಯ ನನ್ನ ಕುರ್ಚಿಗೆ ಹೋಗಿ ಕೂತೆ. ಅವ್ವ ಗುಂಪು ಬಿಡಿಸಿಕೊಂಡು ಬಂದು ಫೈಲನ್ನು ನನ್ನ ಮೇಜಿನ ಮೇಲಿಟ್ಟಳು.

“ಮಕ ಯಾಕಂಗ್ ಮಾಡ್ಕಂಡಿದೀಯ? ನೀನ್ ಕೊಟ್ಟಿದ್ರೆ ಮಗ ಕೊಟ್ಟ ಅಂತಿದ್ರು. ಅವ್ರು ಕೊಟ್ರು. ಈಗ ಸಂಘ ಕೊಡ್ತು ಅಂತಾರೆ.”